ಬಿಟ್ಟಿ, ಪ್ರಣಯ, ಶ್ರಮದಾನ

ಸೌರಾಷ್ಟ್ರದ ಜುನಾಗಢದಿಂದ ಗಿರಿನಾರ್ ಪರ್ವತಕ್ಕೆ ಹೋಗುವ ದಾರಿಯಲ್ಲಿ ಒಂದು ಹೆಬ್ಬಂಡೆಯಿದೆ. ಅದರ ಒಂದು ಮಗ್ಗುಲಲ್ಲಿ ಅಶೋಕನ ಧರ್ಮಶಾಸನಗಳೂ, ಇನ್ನೊಂದರಲ್ಲಿ ಮಹಾಕ್ಷತ್ರಪ ರುದ್ರದಾಮನ ಸಂಸ್ಕೃತ ಶಾಸನವೂ, ಮತ್ತೊಂದರಲ್ಲಿ ಸ್ಕಂದಗುಪ್ತನ ಕಾಲದ ಶಾಸನವೂ ಇವೆ. ಅಶೋಕನ ಮಾತು ಹಾಗಿರಲಿ. ಉಳಿದ ಎರಡು ಶಾಸನಗಳೂ ಹೇಳುವುದು ಒಂದು ಕೆರೆಯ ಕಥೆಯನ್ನು. ಸುದರ್ಶನವೆಂಬ ಆ ಕೆರೆಯನ್ನು ಚಂದ್ರಗುಪ್ತ ಮೌರ್ಯನ ಅಧಿಕಾರಿಯಾದ ವೈಶ್ಯ ಪುಷ್ಯಗುಪ್ತನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ಯವನ ತುಷಾಸ್ಫನು ಅದಕ್ಕೆ ಕಾಲುವೆಗಳನ್ನು ಮಾಡಿಸಿದನು. ಶಕವರ್ಷ 72ರ ಮಾರ್ಗಶಿರದಲ್ಲಿ, ಎಂದರೆ ಕ್ರಿಸ್ತಶಕ 150ರ ಸುಮಾರಿಗೆ, ಸುವರ್ಣಸಿಕತಾ ಪಲಾಶಿನೀ ಮೊದಲಾದ ಹೊಳೆಗಳು ಪ್ರಳಯದಂತೆ ಉಕ್ಕಿ ಬಂದು ಏರಿಯನ್ನು 420 ಮೊಳ ಉದ್ದಕ್ಕೆ ಕೊಚ್ಚಿಕೊಂಡು ಹೋದವು. ಒಡಕು ಎಷ್ಟು ದೊಡ್ಡದೆಂದರೆ ರಾಜ ರುದ್ರದಾಮನ ಮಂತ್ರಿಗಳೇ ಕೈಚೆಲ್ಲಿ ಕುಳಿತರು, ಪ್ರಜೆಗಳು ಹಾಹಾಕಾರ ಮಾಡಿದರು. ಕಡೆಗೆ ಪಹ್ಲವ ಕುಲದ ಅಮಾತ್ಯ ಸುವಿಶಾಖನು ಆ ಕೆಲಸವನ್ನು ಹೊತ್ತುಕೊಂಡು ಮೊದಲಿಗಿಂತ ಬಲವಾದ ಏರಿಯನ್ನು ಕಟ್ಟಿಸಿದನು.

ಇಷ್ಟನ್ನು ಹೇಳಿ ಮುಗಿಸಿದ್ದರೆ ಅದು ಇನ್ನೊಂದು ರಾಜಪ್ರಶಸ್ತಿಯಾಗಿ ಉಳಿಯುತ್ತಿತ್ತು. ಆದರೆ ಶಾಸನಕಾರನು ಒಂದು ಮಾತನ್ನು ವಿಶೇಷವಾಗಿ ಸೇರಿಸಿದ್ದಾನೆ: ಈ ದುರಸ್ತಿಗಾಗಿ ಪುರಜನರನ್ನೂ ಜಾನಪದರನ್ನೂ ಕರದಿಂದಾಗಲಿ, ವಿಷ್ಟಿಯಿಂದಾಗಲಿ, ಪ್ರಣಯದಿಂದಾಗಲಿ ಪೀಡಿಸಲಿಲ್ಲ, ವೆಚ್ಚವೆಲ್ಲ ರಾಜನ ಬೊಕ್ಕಸದಿಂದಲೇ ಆಯಿತು ಎಂದು. ಕರವೆಂದರೇನೆಂಬುದನ್ನು ಕೇಳುಗರಿಗೆ ವಿವರಿಸಬೇಕಾಗಿಲ್ಲ. ವಿಷ್ಟಿಯೆಂಬ ಸಂಸ್ಕೃತ ಶಬ್ದವೇ ನಮ್ಮ ಬಾಯಲ್ಲಿ ತದ್ಭವವಾಗಿ ‘ಬಿಟ್ಟಿ’ಯಾಗಿದೆ, ಕೂಲಿಯಿಲ್ಲದೆ, ಒಲ್ಲೆನೆನ್ನುವ ಹಾಗೂ ಇಲ್ಲದೆ ಮಾಡಬೇಕಾದ ದುಡಿಮೆ ಅದು. ಮೂರನೆಯದು ಸ್ವಾರಸ್ಯವಾದದ್ದು. ಪ್ರಣಯವೆಂದರೆ ಈಗ ನಮಗೆ ಸಿನಿಮಾದ ನೆನಪಾಗುತ್ತದೆ. ಅರ್ಥಶಾಸ್ತ್ರದ ಕಾಲದಲ್ಲಿ ಮಾತ್ರ ಅದು ಬೊಕ್ಕಸ ಬರಿದಾದಾಗ ರಾಜನು ಪ್ರೀತಿಯ ಹೆಸರಿನಲ್ಲಿ ಪ್ರಜೆಗಳಿಂದ ಎತ್ತುತ್ತಿದ್ದ ಕಾಣಿಕೆ. ಒಮ್ಮೆ ಕೇಳಬಹುದು, ಎರಡನೆಯ ಸಲ ಕೇಳಕೂಡದೆಂದು ಕೌಟಿಲ್ಯನಂಥ ಕೌಟಿಲ್ಯನೇ ಅದಕ್ಕೆ ಮಿತಿ ಹಾಕಿದ್ದಾನೆಂದ ಮೇಲೆ, ಆ ಪ್ರೀತಿಯ ಭಾರವೆಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು.

ಕೆರೆ ಕಾಡು ಉದ್ಯಾನಗಳ ರಕ್ಷಣೆಗಾಗಿ ಜನರು ತಾವಾಗಿ ಮಾಡುವ ಸೇವೆಯ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದು ಹೊರಟಾಗ ನನಗೆ ಮೊದಲು ನೆನಪಾದದ್ದು ಆ ಬಂಡೆಯ ಮೇಲಿನ ಈ ಮೂರು ಶಬ್ದಗಳು. ಏಕೆಂದರೆ ವಿನೋಬಾರ ಭೂದಾನದ ದಿನಗಳಲ್ಲಿ ನಮ್ಮಲ್ಲಿ ಮನೆಮಾತಾದ ‘ಶ್ರಮದಾನ’ವೆಂಬ ಒಳ್ಳೆಯ ಪದವು ಇಂದು ಎಷ್ಟೋ ಕಡೆ ಪ್ರಣಯದ ಅರ್ಥಕ್ಕೆ ಇಳಿದಿದೆ. ಪರಿಸರ ದಿನಾಚರಣೆಯ ಬೆಳಿಗ್ಗೆ ಮೇಲಧಿಕಾರಿಯ ಮುಖ ನೋಡಿ ಸಾಲಾಗಿ ನಿಂತು, ಒಂದೇ ಬಣ್ಣದ ಟೋಪಿ ಧರಿಸಿ, ಹೊಳೆಯುವ ಸನಿಕೆ ಹಿಡಿದು ಭಾವಚಿತ್ರ ತೆಗೆಸಿಕೊಳ್ಳುವ ನೌಕರರನ್ನು ನೋಡಿದಾಗ, ಇವರು ಬಂದದ್ದು ಗಿಡದ ಮೇಲಣ ಪ್ರೀತಿಯಿಂದಲೋ ಅಥವಾ ಹಾಜರಿ ಪುಸ್ತಕದ ಮೇಲಣ ಪ್ರೀತಿಯಿಂದಲೋ ಎಂಬ ಸಂಶಯ ಯಾರಿಗಾದರೂ ಬಾರದಿರದು.

ನಮ್ಮ ನಾಡಿನ ಹಳೆಯ ಏರ್ಪಾಡಿನಲ್ಲಿ ಕೆರೆಯ ರಕ್ಷಣೆಯನ್ನು ಬರಿಯ ಸದ್ಭಾವನೆಗೆ ಬಿಟ್ಟಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಯೂರಶರ್ಮನ ಚಂದ್ರವಳ್ಳಿಯ ಶಾಸನ, ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಕುಬ್ಜಕವಿ ಬಣ್ಣಿಸಿದ ತಾಳಗುಂದದ ಶಾಸನ — ಹೀಗೆ ಕದಂಬರ ಕಾಲದಿಂದಲೇ ನಮ್ಮ ಕಲ್ಲುಗಳು ಕೆರೆಯ ಮಾತಾಡುತ್ತ ಬಂದಿವೆ. ಆದರೆ ಕಟ್ಟಿಸಿದವರ ಕೀರ್ತಿಯನ್ನು ಸಾರುವ ಶಾಸನಗಳಿಗಿಂತ ನನಗೆ ಹೆಚ್ಚು ಮೆಚ್ಚಿಕೆಯಾದವು, ಕಟ್ಟಿದ ಮೇಲೆ ಆ ಕೆರೆಯ ಗತಿಯೇನೆಂದು ಯೋಚಿಸಿದ ಶಾಸನಗಳು. ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ಹೆಸರುಗಳಲ್ಲಿ ಕೆರೆಯನ್ನು ಕಟ್ಟಿದವರಿಗೆ ಮತ್ತು ಕಾಪಾಡುವವರಿಗೆ ಭೂಮಿಯನ್ನು ಬಿಡುತ್ತಿದ್ದರು. ಹೂಳು ಹೊರುವ ಬಂಡಿಯನ್ನು ಇಟ್ಟುಕೊಳ್ಳುವುದಕ್ಕೆಂದೇ ಗದ್ದೆಯನ್ನು ದತ್ತಿ ಕೊಟ್ಟದ್ದುಂಟು. ತೂಬು ತೆಗೆದು ಮುಚ್ಚಿ, ಅಚ್ಚುಕಟ್ಟಿನ ಕಡೆಯ ಗದ್ದೆಗೂ ನೀರು ಮುಟ್ಟಿತೇ ಎಂದು ನೋಡುವ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಆಯ ಸಲ್ಲುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಿ ಹಾಡುವವರೊಡನೆ ನಾನು ದನಿಗೂಡಿಸಲಾರೆ. ಬುಟ್ಟಿ ಹೊತ್ತ ತಲೆಗಳಲ್ಲಿ ಎಷ್ಟೋ ತಲೆಗಳು ಒಲ್ಲೆನೆನ್ನುವ ಹಕ್ಕಿಲ್ಲದವರವು. ಊರ ಬಿಟ್ಟಿಯು ಯಾವ ಕೇರಿಯ ಪಾಲಿಗೆ ಬರುತ್ತಿತ್ತೆಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ನಮ್ಮ ಸಂವಿಧಾನವು ತನ್ನ 23ನೆಯ ಅನುಚ್ಛೇದದಲ್ಲಿ ಬಿಟ್ಟಿಯನ್ನು ನಿಷೇಧಿಸಿದ್ದು ಅಕಾರಣವಾಗಿ ಅಲ್ಲ. ಆದರೆ ಬಿಟ್ಟಿ ಹೋದ ಜಾಗದಲ್ಲಿ ಏನು ಬರಬೇಕಾಗಿತ್ತೋ ಅದು ಬರಲಿಲ್ಲ. ಬಿಟ್ಟಿ ಹೋಯಿತು, ಆಯ ಹೋಯಿತು, ಬಂಡಿ ಹೋಯಿತು. ಹೂಳು ಮಾತ್ರ ವರ್ಷವರ್ಷವೂ ತಪ್ಪದೆ ಬರುತ್ತಿದೆ.

ಇನ್ನು ನನ್ನ ಸ್ವಂತ ಅನುಭವವನ್ನು ಕೊಂಚ ಹೇಳುವೆನು. ಅದರಲ್ಲಿ ಹೆಮ್ಮೆಪಡುವಂಥದು ಹೆಚ್ಚೇನೂ ಇಲ್ಲ. ಬೆಂಗಳೂರಿನ ಅಂಚಿನ ಒಂದು ಕೆರೆಯ ಬಳಿ ನಮ್ಮ ಮನೆ. ಆ ಕೆರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಬರುವ ಒಂದು ಗುಂಪಿದೆ: ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಕಂಪ್ಯೂಟರ್ ಕಂಪನಿಗಳ ಕೆಲವು ಹುಡುಗ ಹುಡುಗಿಯರು, ಹೂ ಮಾರುವ ಒಬ್ಬ ತಾಯಿ, ಶಾಲೆಯ ಮಕ್ಕಳು ಐದಾರು ಮಂದಿ, ಮತ್ತು ಇವರೆಲ್ಲರಿಗಿಂತ ತಡವಾಗಿ ಬಂದು ಬೇಗ ಹೋಗುವ ನಾನು. ಮೊದಲ ವರ್ಷದ ಮುಂಗಾರಿನಲ್ಲಿ ನಾವು ಬಹಳ ಉತ್ಸಾಹದಿಂದ ಏರಿಯ ಉದ್ದಕ್ಕೂ ಹೊಂಗೆ ನೇರಳೆ ಅತ್ತಿಯ ಸಸಿಗಳನ್ನು ನೆಟ್ಟು, ಒಂದೊಂದಕ್ಕೂ ಬೊಂಬೆಯ ಅಂಗಿಯಂಥ ಹಸಿರು ಬಲೆ ಸುತ್ತಿ, ಕೈತೊಳೆದುಕೊಂಡು ಇಡ್ಲಿ ತಿನ್ನುತ್ತ ಕುಳಿತಿದ್ದಾಗ, ಹೆಗಲ ಮೇಲೆ ಟವಲು ಹಾಕಿಕೊಂಡ ಒಬ್ಬ ಮುದುಕ ಬಂದು ನಿಂತ. ಅವನ ತಂದೆ ಅದೇ ಕೆರೆಯ ನೀರುಗಂಟಿಯಾಗಿದ್ದನೆಂದು ಆಮೇಲೆ ತಿಳಿಯಿತು.

“ಏರಿ ಮ್ಯಾಲೆ ಗಿಡ ಮಡಗಿದ್ದೀರಲ್ಲ ಸ್ವಾಮಿ, ಯಾರು ಹೇಳುದ್ರು ನಿಮ್ಗೆ?” ಎಂದ.

“ಯಾಕೆ ತಾತ, ನೆರಳಾಗುತ್ತಲ್ಲ?” ಎಂದಳು ಒಬ್ಬ ಹುಡುಗಿ.

“ನೆರಳಾಯ್ತದೆ ಕಣವ್ವ. ಬೇರೂ ಆಯ್ತದೆ. ಬೇರು ಸತ್ತ ದಿನ ಅದೇ ದಾರೀಲಿ ನೀರು ಹೊಂಟೋಯ್ತದೆ.”

ಮಣ್ಣಿನ ಏರಿಯ ಮೇಲೆ ದೊಡ್ಡ ಮರ ಬೆಳೆಯಗೊಡಬಾರದೆಂಬುದು ಕೆರೆಯ ಕೆಲಸ ಬಲ್ಲ ಯಾವ ಎಂಜಿನಿಯರನೂ ಹೇಳುವ ಮಾತು. ಒಣಗಿ ಕೊಳೆತ ಬೇರು ಏರಿಯೊಳಗೆ ಕೊಳವೆಯಂತೆ ಟೊಳ್ಳಾಗುತ್ತದೆ, ಜಿನುಗಿದ ನೀರು ಮಣ್ಣನ್ನು ಕಣಕಣವಾಗಿ ಕೊರೆದು ಒಂದು ರಾತ್ರಿ ಬಾಯಿ ಬಿಡುತ್ತದೆ. ನಾವು ಓದಿದವರು; ನಮಗೆ ಅದು ಗೊತ್ತಿರಲಿಲ್ಲ. ಮುದುಕನು ನಮ್ಮನ್ನು ಅಲ್ಲಿಂದ ಕರೆದುಕೊಂಡು ಹೋಗಿ ಕೆರೆಯ ಹಿಂಬದಿಯ ಕಾಲುವೆಯ ಬಾಯನ್ನು ತೋರಿಸಿದ. ಮೇಲಿನ ದಿಣ್ಣೆಗಳಿಂದ ಮಳೆಯ ನೀರು ಹರಿದು ಬರಬೇಕಾದ ಆ ಜಾಗದಲ್ಲಿ ಯಾರೋ ಕೆಡವಿದ ಮನೆಯ ಇಟ್ಟಿಗೆ ಗಾರೆಗಳು, ಒಂದು ಹರಿದ ಹಾಸಿಗೆ, ಮೂರು ಗಣಪತಿಗಳ ಹುಲ್ಲಿನ ಒಡಲು, ಲೆಕ್ಕವಿಲ್ಲದಷ್ಟು ಪ್ಲಾಸ್ಟಿಕ್ಕು. “ಮೊದ್ಲು ಇದ ತಗೀರಿ. ಕೆರೆಗೆ ಬಾಯಿ ಕಟ್ಬುಟ್ಟು ಮೈಗೆ ಬಟ್ಟೆ ಉಡುಸ್ತಾ ಇದ್ದೀರ” ಎಂದು ಹೇಳಿ, ನಾವು ಕೊಟ್ಟ ಇಡ್ಲಿಯನ್ನು ಬೇಡವೆನ್ನದೆ ತಿಂದು ಹೋದ. ಆ ಕಸವನ್ನು ತೆಗೆಯುವುದಕ್ಕೆ ನಮಗೆ ಏಳು ಭಾನುವಾರಗಳು ಹಿಡಿದವು. ಮೊದಲ ಭಾನುವಾರ ನಲವತ್ತು ಮಂದಿ ಇದ್ದೆವು, ಏಳನೆಯ ಭಾನುವಾರ ಒಂಬತ್ತು. ಇಷ್ಟಕ್ಕೂ ನೆಟ್ಟ ಸಸಿಗಳು ಏರಿಯನ್ನು ಕೆಡಿಸುವ ಭಾಗ್ಯವನ್ನು ಪಡೆಯಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ನೀರಿಲ್ಲದೆ ಬಹುಪಾಲು ಒಣಗಿ, ಹಸಿರು ಬಲೆಗಳಷ್ಟೇ ನಿಂತಿದ್ದವು.

ಆ ಮುದುಕನಿಂದ ನಾನು ಕಲಿತದ್ದು ಏರಿಯ ವಿಷಯವನ್ನು ಮಾತ್ರವಲ್ಲ. ಅವನ ತಂದೆ ಕಾಯುತ್ತಿದ್ದ ಅಚ್ಚುಕಟ್ಟು ಈಗ ಬಡಾವಣೆ. ತೂಬಿನ ಕೆಳಗೆ ಗದ್ದೆಯಿಲ್ಲ, ಆದ್ದರಿಂದ ತೂಬಿನ ಚಿಂತೆ ಯಾರಿಗೂ ಇಲ್ಲ. ಗದ್ದೆಯಿದ್ದಾಗ ಕೆರೆಯ ನೀರು ಒಂದು ಗೇಣು ಇಳಿದರೂ ನೂರು ಮನೆಗಳಲ್ಲಿ ಅದರ ಸುದ್ದಿಯಾಗುತ್ತಿತ್ತು. ಬೇಸಗೆಯಲ್ಲಿ ರೈತನು ತಾನೇ ಬಂಡಿ ಹೂಡಿಕೊಂಡು ಬಂದು ಕೆರೆಯ ಗೋಡನ್ನು ತನ್ನ ಹೊಲಕ್ಕೆ ಗೊಬ್ಬರವಾಗಿ ಹೊಡೆದುಕೊಳ್ಳುತ್ತಿದ್ದನು. ಹೊಲಕ್ಕೆ ಹಸನು, ಕೆರೆಗೆ ಆಳ. ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗತೊಡಗಿದ ದಿನದಿಂದ ಆ ಬಂಡಿಗಳು ನಿಂತವು. ಕೆರೆಯ ಮೇಲೆ ಅನ್ನಕ್ಕಾಗಿ ಕಣ್ಣಿಟ್ಟಿದ್ದವರು ಹೀಗೆ ಮರೆಯಾದ ಮೇಲೆ, ಆ ಕಣ್ಣಿನ ಜಾಗವನ್ನು ತುಂಬಬೇಕಾದವನೇ ಸ್ವಯಂಸೇವಕ. ಅವನು ಕೆರೆಗೆ ಉಪಕಾರ ಮಾಡುವುದಕ್ಕೆ ಬಂದ ಅತಿಥಿಯೆಂದು ತಿಳಿದುಕೊಂಡರೆ ಒಂದು ಭಾನುವಾರ ಬಂದು ಹೋಗುತ್ತಾನೆ; ಅಚ್ಚುಕಟ್ಟುದಾರನೆಂದು ತಿಳಿದುಕೊಂಡರೆ ಮಳೆ ಬಂದ ರಾತ್ರಿ ಟಾರ್ಚು ಹಿಡಿದುಕೊಂಡು ಕೋಡಿಯ ಬಳಿಗೆ ಹೋಗುತ್ತಾನೆ.

ಈ ಸೇವೆಗೆ ಉತ್ಸಾಹದ ಜೊತೆಗೆ ಕುಶಲತೆಯೂ ಬೇಕೆಂಬುದಕ್ಕೆ ಇನ್ನೆರಡು ನಿದರ್ಶನಗಳನ್ನು ಕೊಡುತ್ತೇನೆ. ನಮ್ಮ ಕೆರೆಗಳ ಮೇಲೆ ನೀಲಿ ಹೂ ಬಿಡುತ್ತ, ಗಾಳಿ ತುಂಬಿದ ಉಬ್ಬು ದಂಟುಗಳ ಮೇಲೆ ತೇಲುವ ಒಂದು ಕಳೆಯನ್ನು ಜನರು ಅಂತರಗಂಗೆಯೆಂದೇ ಕರೆಯುತ್ತಾರೆ. ನಿಜವಾದ ಹಳೆಯ ಅಂತರಗಂಗೆ ಎಲೆಕೋಸಿನಂತೆ ಬಿಚ್ಚಿಕೊಂಡಿರುವ ಬೇರೊಂದು ಗಿಡ, ಈ ನೀಲಿ ಹೂವಿನದು ಚೆಲುವಿಗೆ ಮರುಳಾದ ಮನುಷ್ಯನು ದಕ್ಷಿಣ ಅಮೆರಿಕದಿಂದ ಲೋಕಕ್ಕೆಲ್ಲ ಹಂಚಿದ ಸಸ್ಯ. ಎರಡು ಮೂರು ವಾರಗಳಲ್ಲಿ ತನ್ನ ಹರವನ್ನು ಇಮ್ಮಡಿಸಿಕೊಳ್ಳಬಲ್ಲ ಈ ಮಹಾರಾಯಿತಿಯ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತ ಮಲಗಿರುತ್ತದೆ. ಆದುದರಿಂದ ಒಮ್ಮೆ ಕಿತ್ತು ದಡದ ಮೇಲೆ ಗುಡ್ಡೆ ಹಾಕಿ ಹೋದರೆ ಮುಗಿಯಲಿಲ್ಲ. ಗುಡ್ಡೆಯು ಮಳೆಗೆ ಕೊಳೆತು ಸಾರವೆಲ್ಲ ಮತ್ತೆ ಕೆರೆಗೇ ಇಳಿಯುತ್ತದೆ, ಆ ಸಾರವನ್ನುಂಡು ಮುಂದಿನ ಪೀಳಿಗೆ ಏಳುತ್ತದೆ. ಮೇಲಿನಿಂದ ಬರುವ ಚರಂಡಿಯ ನೀರನ್ನು ತಡೆಯದೆ ಕಳೆಯನ್ನಷ್ಟೇ ಕೀಳುವುದು, ಸೋರುವ ಸೂರಿನ ಕೆಳಗೆ ನೆಲ ಒರೆಸಿದಂತೆ.

ಕಾಡಿನಲ್ಲಿ ಇದೇ ಪಾತ್ರವನ್ನು ವಹಿಸಿರುವುದು ಲಂಟಾನ. 19ನೆಯ ಶತಮಾನದ ಆದಿಯಲ್ಲಿ ಉದ್ಯಾನಗಳ ಅಲಂಕಾರಕ್ಕಾಗಿ ಈ ದೇಶಕ್ಕೆ ಬಂದ ಈ ಮುಳ್ಳುಪೊದೆಯು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡುಗಳಲ್ಲಿ ಹುಲ್ಲು ಸಸಿಗಳು ಮೇಲೇಳದಂತೆ ಹೊದಿಕೆ ಹೊದಿಸಿ ಕುಳಿತಿದೆ. ಮಚ್ಚು ಹಿಡಿದು ಹೋದ ಸ್ವಯಂಸೇವಕರು ಅದನ್ನು ನೆಲಮಟ್ಟಕ್ಕೆ ಕಡಿದು ಬಂದರೆ ಒಂದು ಮಳೆಗೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಬಲ್ಲವರ ಕ್ರಮವೇ ಬೇರೆ: ಬುಡದ ಮಣ್ಣನ್ನು ಬಿಡಿಸಿ, ಚಿಗುರೊಡೆಯುವ ಭಾಗಕ್ಕಿಂತ ಕೆಳಗೆ, ನೆಲದೊಳಗೆ ಎರಡು ಬೆರಳು ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಪೂರ್ತಿ ತಲೆಕೆಳಗು ಮಾಡಿ ಬಿಸಿಲಿಗೆ ಒಡ್ಡಬೇಕು, ಆಮೇಲೂ ಹಕ್ಕಿಗಳು ಹಣ್ಣು ತಿಂದು ಬೀಜವುದುರಿಸುವ ಮರಗಳ ಬುಡವನ್ನು ಎರಡು ಮೂರು ಮಳೆಗಾಲ ಕಾದು, ಎಳೆಯ ಸಸಿಗಳನ್ನು ಕೈಯಿಂದ ಕೀಳಬೇಕು. ಮೊದಲನೆಯ ಕೆಲಸಕ್ಕೆ ಚಿತ್ರ ತೆಗೆಯುವವರು ಬರುತ್ತಾರೆ. ಎರಡನೆಯದಕ್ಕೆ ಯಾರೂ ಬರುವುದಿಲ್ಲ.

ಹೂಳೆತ್ತುವ ಉತ್ಸಾಹದಲ್ಲಿಯೂ ಒಂದು ಅತಿರೇಕವುಂಟು. ದಾನಿಗಳು ಹಣ ಕೊಟ್ಟರು, ಜೆಸಿಬಿ ಬಂತು, ಹತ್ತು ದಿನಗಳಲ್ಲಿ ಊಟದ ತಟ್ಟೆಯಂತಿದ್ದ ಕೆರೆ ಬೋಗುಣಿಯಾಯಿತು. ಸುತ್ತಲೂ ಕಡಿದಾದ ದಂಡೆ, ಅದರ ಮೇಲೆ ನಡೆದಾಡುವ ಕಲ್ಲುಹಾಸು. ನೋಡುವುದಕ್ಕೆ ಚೆನ್ನ. ಆದರೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಮೇಯುವ ಕೊಕ್ಕರೆಗೆ ಅಲ್ಲಿ ಕಾಲೂರಲು ಸ್ಥಳವಿಲ್ಲ, ನೀರು ಕುಡಿಯಲು ಬಂದ ದನಕ್ಕೆ ಇಳಿಯಲು ದಾರಿಯಿಲ್ಲ, ತಳದ ಜೇಡಿಯ ಪದರವನ್ನೂ ಬಗೆದು ತೆಗೆದಿದ್ದರೆ ನೀರೇ ನಿಲ್ಲುವುದಿಲ್ಲ.

ಕೆರೆ ಹೇಗಿರಬೇಕು, ಹೇಗಿರಬಾರದು ಎಂಬುದನ್ನು ಹಿಂದಿನವರೂ ಯೋಚಿಸಿದ್ದರು. ಕಡಪಾ ಸೀಮೆಯ ಪೊರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಎಂಬ ಭವದೂರನು 1369ರಲ್ಲಿ ಹಾಕಿಸಿದ ಒಂದು ಶಾಸನವಿದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷಗಳ ಕೆಲಸದಿಂದ ಕಟ್ಟಿದ ಕೆರೆಯನ್ನು ಕುರಿತ ಆ ಶಾಸನವು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗುಲುವ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿ ಜಿನುಗುವುದು ಒಂದು ದೋಷ, ಚೌಳು ನೆಲ ಒಂದು ದೋಷ, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು ಒಂದು ದೋಷ. ಈ ಕಡೆಯದನ್ನು ನಾವು ಇಂದು ಹಕ್ಕಿಗಳ ನೆಲೆಗೆಂದು ಬೇಕೆಂದೇ ಮಾಡುತ್ತೇವೆ. ಕಾಲಕ್ಕೆ ತಕ್ಕಂತೆ ದೋಷಗಳೂ ಗುಣಗಳಾಗುತ್ತವೆಯೆನ್ನಿ. ಆದರೆ ಇನ್ನೊಂದು ದೋಷವನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ: ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರಕೂಡದಂತೆ. ಅರಸರ ಗಡಿಗಳು ಅಳಿದುಹೋಗಿವೆ, ದೋಷ ಮಾತ್ರ ಉಳಿದಿದೆ. ಅಚ್ಚುಕಟ್ಟು 40 ಹೆಕ್ಟೇರಿಗೆ ಕಡಮೆಯಾದ ಕೆರೆ ಪಂಚಾಯಿತಿಯದು, ಹೆಚ್ಚಾದದ್ದು ಸಣ್ಣ ನೀರಾವರಿ ಇಲಾಖೆಯದು; ನೆಲದ ದಾಖಲೆ ಕಂದಾಯದವರ ಬಳಿ, ಮೀನಿನ ಗುತ್ತಿಗೆ ಇನ್ನೊಬ್ಬರ ಬಳಿ, ನಗರದೊಳಗಾದರೆ ಕೆರೆ ಒಬ್ಬರದು, ಚರಂಡಿ ಮತ್ತೊಬ್ಬರದು. ನಮ್ಮ ಕಾಲುವೆಯ ಬಾಯಿಯ ಕಸದ ಬಗ್ಗೆ ನಾವು ಬರೆದ ಅರ್ಜಿಯೊಂದು ಮೂರು ಕಚೇರಿಗಳನ್ನು ಸುತ್ತಿ, ಮೊದಲ ಕಚೇರಿಗೇ ಮರಳಿ ಬಂದು, ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆಯೆಂಬ ಷರಾದೊಡನೆ ನಮ್ಮ ಕೈಸೇರಿತು. ಸ್ವಯಂಸೇವಕನ ದುಡಿಮೆಯಲ್ಲಿ ಅರ್ಧ ಪಾಲು ಸನಿಕೆಯದಾದರೆ ಇನ್ನರ್ಧ ಇಂಥ ಅರ್ಜಿಗಳದು. ಎರಡನೆಯ ಪಾಲಿನಲ್ಲಿ ಬೆವರು ಹೆಚ್ಚು.

ಹೀಗೆಂದು ನಿರಾಶೆಯ ಮಾತಾಡಲು ನಾನು ಇಲ್ಲಿಗೆ ಬಂದವನಲ್ಲ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿಯ ಕೆರೆ ಹದಿಮೂರು ಎಕರೆಗಳಷ್ಟು ಪುಟ್ಟದು. 2010ರಲ್ಲಿ ಸುತ್ತಣ ನಿವಾಸಿಗಳು ತಾವೇ ಒಂದು ಟ್ರಸ್ಟನ್ನು ರಚಿಸಿಕೊಂಡು, ಮರುವರ್ಷ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಅದರ ಪಾಲನೆಯ ಹೊಣೆ ಹೊತ್ತರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯ ಕೆರೆಯೂ ಸುತ್ತಣ ಜನರ ಹಟದಿಂದಲೇ ಮತ್ತೆ ನೀರು ಕಂಡಿತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಹುಣಿಸೆಹಣ್ಣಿನ ಲಾಭವನ್ನು ಬಿಟ್ಟುಕೊಟ್ಟು ಗೂಡುಗಳನ್ನು ಕಾದವರೂ, ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟ ಹೆಜ್ಜಾರ್ಲೆ ಬಳಗದ ತರುಣರೂ ಯಾವ ಆಜ್ಞೆಗೂ ಕಾದವರಲ್ಲ. ಸರಕಾರವು ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ, ಎಷ್ಟೋ ಕಾಲದ ಮೇಲೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯದೆ ಈ ಮಾತನ್ನು ಮುಂದುವರಿಸಲಾರೆ. ಕುರಿ ಕಾಯುತ್ತಿದ್ದ ಅವರಿಗೆ ಕುಂದೂರು ಬೆಟ್ಟದಲ್ಲಿ ಕಾಡುಪ್ರಾಣಿಗಳು ಬೇಸಗೆಯಲ್ಲಿ ನೀರಿಗಾಗಿ ಬಾಯಿಬಾಯಿ ಬಿಡುವುದನ್ನು ಕಂಡು ಸಹಿಸಲಾಗಲಿಲ್ಲ. ಮೊದಲು ಕೋಲಿನಿಂದ ಕೆದಕಿ ನೋಡಿದರು; ಆಗಲಿಲ್ಲವೆಂದು ಕುರಿ ಮಾರಿ ಹಾರೆ ಗುದ್ದಲಿ ತಂದರು. ಹತ್ತಕ್ಕೂ ಮಿಕ್ಕಿ ಕಟ್ಟೆಗಳನ್ನು ಬೆಟ್ಟದ ಇಳಿಜಾರಿನಲ್ಲಿ ತೋಡಿ, ಒಂದರ ನೀರು ತುಂಬಿ ಇನ್ನೊಂದಕ್ಕೆ ಇಳಿಯುವಂತೆ ಮಾಡಿದರು. ಅವರು 2022ರಲ್ಲಿ ತೀರಿಕೊಂಡರು. ಬದುಕಿದ್ದಾಗ ಕೆಲವರಿಗೆ ಅವರು ಹುಚ್ಚರಂತೆ ಕಂಡಿದ್ದರು. ಸಂಬಳಕ್ಕೂ ಅಲ್ಲದೆ ಅಂಜಿಕೆಗೂ ಅಲ್ಲದೆ ನಿತ್ಯವೂ ಗುದ್ದಲಿ ಹಿಡಿಯುವವನನ್ನು ಕರೆಯುವುದಕ್ಕೆ ರುದ್ರದಾಮನ ಶಾಸನಕಾರನ ಬಳಿಯಲ್ಲಿಯೂ ಒಂದು ಶಬ್ದವಿರಲಿಲ್ಲ, ಊರವರ ಬಳಿಯಲ್ಲಿಯೂ ಇರಲಿಲ್ಲ.

ಈಗ ವೈಶಾಖ. ಕೃತ್ತಿಕೆ ರೋಹಿಣಿ ಮಳೆಗಳಿಗೆ ಇನ್ನು ಹೆಚ್ಚು ದಿನಗಳಿಲ್ಲ. ಸಸಿಗಳ ವಿಚಾರವನ್ನು ಆಮೇಲೆ ನೋಡೋಣ. ಕೇಳುತ್ತಿರುವ ತಾವು ಯಾವ ಊರಿನವರೇ ಆಗಿರಲಿ, ಈ ಭಾನುವಾರ ನಿಮ್ಮ ಕೆರೆಯ ಬಳಿಗೆ ಒಮ್ಮೆ ನಡೆದು ಹೋಗಿ, ನೀರು ಬರುವ ಕಾಲುವೆಯ ಬಾಯಿ ಎಲ್ಲಿದೆ, ಹೆಚ್ಚಾದದ್ದು ಹೊರಬೀಳುವ ಕೋಡಿ ಎಲ್ಲಿದೆಯೆಂಬುದನ್ನು ನೋಡಿ ಬನ್ನಿ. ಗೊತ್ತಾಗದಿದ್ದರೆ ಊರಿನಲ್ಲಿ ನೀರುಗಂಟಿಯ ಮನೆ ಯಾವುದೆಂದು ಕೇಳಿ. ಆ ಮನೆಯಲ್ಲಿ ಗೊತ್ತಿದ್ದವರೊಬ್ಬರು ಇನ್ನೂ ಇರಬಹುದು. ಹೋಗುವಾಗ ಒಂದು ಕುಡುಗೋಲನ್ನೂ ಒಂದು ಹಳೆಯ ಚೀಲವನ್ನೂ ಕೈಯಲ್ಲಿ ಹಿಡಿದುಕೊಂಡಿರಿ.